ಹನ್ನೊಂದರ ತಂತಿ

ಊಟದ ಮೇಜಿನ ಮೇಲೆ ಹಳೆಯ ಟವೆಲ್ಲು ಹಾಸಿ, ಅಪ್ಪನ ಗಿಟಾರನ್ನು ಅಂಗಾತ ಮಲಗಿಸಿಕೊಂಡು ಅದರ ತಂತಿ ಬದಲಿಸುತ್ತಿದ್ದಳು ಹತ್ತಿ. ಬಿರಡೆ ತಿರುಗಿಸಿ ಹಳೆಯ ತಂತಿಯನ್ನು ಸಡಿಲ ಮಾಡುವುದು, ಬಿಚ್ಚಿ ಸುರುಳಿ ಸುತ್ತಿಡುವುದು, ಬೆವರು ಕೂತು ಕಪ್ಪಾದ ಮರವನ್ನು ಒಣ ಬಟ್ಟೆಯಿಂದ ಒರೆಸುವುದು, ಹೊಸದನ್ನು ಪೋಣಿಸಿ ಬಿಗಿಯುವುದು. ಎದುರಿಗೆ ಅಪ್ಪ ಬಿಸಿನೀರಿನ ಬೋಗುಣಿಯಲ್ಲಿ ಎಡಗೈ ಅದ್ದಿಕೊಂಡು ಕೂತಿದ್ದ. ಮಂಚದ ಮೇಲೆ ಅಜ್ಜಿ ಬಟಾಣಿ ಬಿಡಿಸುತ್ತಿದ್ದಳು. ಕಾಳು ತಟ್ಟೆಗೆ ಬೀಳುವ ಟಕ್ ಟಕ್ ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಹತ್ತಿ ಅನ್ನುವುದು ಅಜ್ಜಿ ಇಟ್ಟ ಅಡ್ಡಹೆಸರು. "ಇವಳು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ, ಹತ್ತಿ ಉರುಳಿದ ಹಾಗೆ" ಅಂದಿದ್ದಳು. ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅವಳನ್ನು ನೋಡಿಕೊಳ್ಳಲೆಂದು ಎಂಟನೇ ತರಗತಿಗೇ ಶಾಲೆ ಬಿಟ್ಟ ಮೊಮ್ಮಗಳು ಮತ್ತೆ ಹೋಗಲಿಲ್ಲ. ಈಗ ಇಪ್ಪತ್ತು ವಯಸ್ಸು. ಮನೆಗೆಲಸದ ಜೊತೆಗೆ ಬಟ್ಟೆ ಅಂಗಡಿಯವರ ಅಂಗಿಗಳಿಗೆ ಗುಂಡಿ ಹಚ್ಚಿಕೊಡುತ್ತಿದ್ದಳು. ಮಾತು ಕಮ್ಮಿ, ಕಣ್ಣು ಮಾತ್ರ ಎಲ್ಲದರ ಮೇಲೂ.

ಅಪ್ಪ ಮೋಟಾರು ರಿವೈಂಡಿಂಗ್ ಕೆಲಸದವ. ಸುಟ್ಟುಹೋದ ನೀರಿನ ಪಂಪು, ಫ್ಯಾನುಗಳ ಹೊಟ್ಟೆ ಬಗೆದು, ಹಳೆಯ ತಾಮ್ರದ ತಂತಿ ಕಿತ್ತು, ಹೊಸದನ್ನು ಸುತ್ತಿ ಕೂರಿಸುವುದು. ತಂತಿಯನ್ನು ಎರಡು ಬೆರಳ ನಡುವೆ ಉರುಳಿಸಿ ಅದರ ದಪ್ಪ ಇಷ್ಟು ಅಂತ ಹೇಳಿಬಿಡುತ್ತಿದ್ದ. ಅಂಗಡಿಯ ಯಜಮಾನ ಸ್ಕ್ರೂ ಗೇಜು ಹಾಕಿ ಅಳೆದರೆ ಕೂದಲೆಳೆಯಷ್ಟೂ ತಪ್ಪಿರುತ್ತಿರಲಿಲ್ಲ. ಅದು ಹಗಲಿನ ಅಪ್ಪ. ವಾರಕ್ಕೆರಡು ಸಂಜೆ ಅವನು 'ಕಿಡಿ' ಅನ್ನುವ ರಾಕ್ ಬ್ಯಾಂಡಿನ ಗಿಟಾರಿಸ್ಟ್. ಮೀಸೆ ಚಿಗುರುವ ಕಾಲಕ್ಕೆ ನಾಲ್ವರು ಗೆಳೆಯರು ಕಟ್ಟಿದ ಬ್ಯಾಂಡು. ಈಗ ಮೀಸೆ ನರೆತಿತ್ತು. ಹಾಡುಗಳು ಅವೇ ಇದ್ದವು.

ಕೊನೆಯ ತಂತಿ ಬಿಗಿಯುವ ಹೊತ್ತಿಗೆ ಬ್ಯಾಂಡಿನ ಹಾಡುಗಾರ ಬಂದ. ಮಕ್ಕಳಿಗೆ ಅವನು ಹಾಡೋ ಮಾಮ. ತಲೆ ಮುಂದೆ ಬೋಳು, ಹಿಂದೆ ಜುಟ್ಟು.

"ಮೈದಾನದಲ್ಲಿ ಸಂಗೀತ ಕಾರ್ಯಕ್ರಮ ಕಣಯ್ಯಾ. ಇನ್ನು ಆರು ವಾರ. ನಮಗೂ ಅರ್ಧ ಗಂಟೆ ಕೊಟ್ಟಿದ್ದಾರೆ, ಮೂವತ್ತು ವರ್ಷ ತುಂಬಿತು ಅಂತ. ನಮ್ಮ ಹಿಂದೇನೇ ನಿನ್ನ ಮಗನ ಬ್ಯಾಂಡಿನ ಪಟಾಲಂ."

"ಒಳ್ಳೇದಾಯ್ತಲ್ಲ" ಅಂದ ಅಪ್ಪ. ಬೋಗುಣಿಯಿಂದ ಕೈ ತೆಗೆದು ಟವೆಲ್ಲಿನ ಅಂಚಿಗೆ ಒರೆಸಿಕೊಂಡ.

ಹಾಡೋ ಮಾಮ ಕುರ್ಚಿಯ ಬೆನ್ನು ಸವರಿದ. ಕೂರಲಿಲ್ಲ. "ಒಂದು ಮಾತು. ಕೊನೇ ಹಾಡಿನ ಸೋಲೋ ಇದೆಯಲ್ಲ, ಅದನ್ನ ನಿನ್ನ ಮಗ ನುಡಿಸ್ಲಿ. ನೀನು ಪಕ್ಕದಲ್ಲಿ ನಿಂತು ಸಾಥ್ ಕೊಡು."

"ಅದು ನನ್ನ ಸೋಲೋ."

"ನಿಂದೇ. ಯಾರು ಇಲ್ಲ ಅಂದ್ರು? ಹೋದ ಸಲ ಏನಾಯ್ತು ಹೇಳು. ತಂತಿ ಏರಲೇ ಇಲ್ಲ."

ಆ ಸೋಲೋದ ನಡುವೆ ಒಂದು ಜಾಗ ಬರುತ್ತದೆ. ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಅಪ್ಪ ಒಂದೇ ಸ್ವರ ಹಿಡಿದು, ತಂತಿಯನ್ನು ಬೆರಳಿಂದ ಮೇಲಕ್ಕೆ ತಳ್ಳುತ್ತಾ ತಳ್ಳುತ್ತಾ ಅದನ್ನು ಏರಿಸಿ, ಏರಿದಲ್ಲೇ ನಿಲ್ಲಿಸಬೇಕು. 'ಕಿಡಿ'ಯನ್ನು ನೆನಪಿಟ್ಟುಕೊಂಡವರೆಲ್ಲ ನೆನಪಿಟ್ಟಿದ್ದು ಆ ಒಂದು ಸ್ವರವನ್ನು.

"ಮೂರು ವಾರ ಟೈಮ್ ಕೊಡು" ಅಂದ ಅಪ್ಪ.

"ಕೊಟ್ಟೆ. ಬಂದು ಕೇಳ್ತೀನಿ. ಏರಿದ್ರೆ ನಿಂದು. ಇಲ್ದಿದ್ರೆ ಮಗಂದು. ಬೇಜಾರು ಮಾಡ್ಕೋಬೇಡ."

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಅಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ವಾರವಿಡೀ ಇನ್ನೂರು ಜನಕ್ಕೆ ಬೇಯಿಸಿ, ಭಾನುವಾರ ಮನೆಯಲ್ಲಿ ಸೌಟು ಮುಟ್ಟುತ್ತಿರಲಿಲ್ಲ. ಹತ್ತಿ ಆಲೂಗಡ್ಡೆ ಬೇಯಿಸಿ, ಮೊಟ್ಟೆ ಹುರಿದು, ಅನ್ನ ಮಾಡಿದ್ದಳು. ಅಣ್ಣ ಫೋನು ನೋಡುತ್ತಲೇ ತಟ್ಟೆ ಎಳೆದುಕೊಂಡ. ಅವನಿಗೆ ಇಪ್ಪತ್ತಮೂರು, ಮೊಬೈಲು ರಿಪೇರಿ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಗಿಟಾರು.

"ಅಪ್ಪಾ, ಪ್ರಪಂಚದ ನೂರು ಗಿಟಾರಿಸ್ಟ್‌ಗಳ ಪಟ್ಟಿ ಬಂದಿದೆ. ಮೊದಲ ಹತ್ತರಲ್ಲಿ ಏಳು ಜನ ನಿನ್ನ ಕಾಲದ ಮುದುಕರು. ಈಗಿನ ಹದಿನಾರರ ಹುಡುಗೀರು ಅವರನ್ನೆಲ್ಲ ಎಡಗೈಲಿ ನುಡಿಸಿ ಬಿಸಾಕ್ತಾರೆ."

"ಗಿಟಾರು ಎಡಗೈಲೇ ನುಡಿಸೋದು ಕಣೋ" ಅಂದ ಅಪ್ಪ.

ಅಮ್ಮ ಅನ್ನ ಬಾಯಲ್ಲಿಟ್ಟುಕೊಂಡೇ ನಕ್ಕಳು.

"ತಮಾಷೆ ಬೇಡ. ಸೆಕೆಂಡಿಗೆ ಎಷ್ಟು ಸ್ವರ ಹಾಕ್ತಾರೆ ಗೊತ್ತಾ?"

"ಅದೇನು ಟೈಪಿಂಗ್ ಪರೀಕ್ಷೆನಾ? ಒಂದು ಸ್ವರ ಹಾಕು. ಅದು ನಿಂತ್ಕೋಬೇಕು. ಕೇಳಿದೋನು ಉಸಿರು ಬಿಡೋದನ್ನೇ ಮರೀಬೇಕು."

"ನಿಮ್ಮ ಪ್ರೋಗ್ರಾಮಿಗೆ ಬರೋರು ಮೊದ್ಲೇ ಮರೆತಿರ್ತಾರೆ. ಹೋದ ಸಲ ಮುಂದಿನ ಸಾಲಲ್ಲಿ ಇಬ್ಬರು ಗೊರಕೆ ಹೊಡೀತಿದ್ರು." ಅಣ್ಣ ಫೋನು ಕೆಳಗಿಟ್ಟ. "ಸಿಟ್ಟಾಗಬೇಡ ಅಪ್ಪಾ. ಬ್ಯಾಂಡಿಗೂ ವಯಸ್ಸಾಗತ್ತೆ. ಮೂವತ್ತು ವರ್ಷದಿಂದ ಅವೇ ಹನ್ನೆರಡು ಹಾಡು. ಹೊಸದು ಒಂದಾದ್ರೂ ಕಟ್ಟಿದ್ದೀರಾ? ಜನ ತಮ್ಮ ಕಾಲೇಜು ದಿನ ನೆನೆಸ್ಕೊಳ್ಳೋಕೆ ಬರ್ತಾರೆ, ನೀವು ನೆನಪು ಮಾಡಿ ಕಳಿಸ್ತೀರ. ಅದು ಸಂಗೀತ ಅಲ್ಲ, ಫೋಟೋ ಆಲ್ಬಮ್ಮು."

"ಹಳೇ ಬಾವಿ ನೀರು ಸಿಹಿ ಇದ್ರೆ ಕುಡೀಬಾರದಾ?"

"ಕುಡೀಬಹುದು" ಅಂದಳು ಅಮ್ಮ. "ಹಗ್ಗ ಎಳೆಯೋಕೆ ಕೈ ಬೇಕಲ್ಲ."

ಅಂದ ಮೇಲೆ ಅವಳಿಗೇ ಅನ್ನಬಾರದಿತ್ತು ಅನ್ನಿಸಿತು. ಮೊಟ್ಟೆಯ ತಟ್ಟೆಯನ್ನು ಅಪ್ಪನ ಕಡೆ ಸರಿಸಿದಳು. ಎಲ್ಲರ ಕಣ್ಣೂ ಅಪ್ಪನ ಎಡಗೈ ಮೇಲೆ ಹೋಗಿ, ಹಿಂದೆ ಬಂತು.

"ಹಲ್ಲಿದ್ದೋನಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋನಿಗೆ ಹಲ್ಲಿಲ್ಲ" ಅಂದಳು ಅಜ್ಜಿ ಮಂಚದಿಂದ.

"ಅಜ್ಜೀ, ನಿನಗೆ ಎರಡೂ ಇಲ್ಲ" ಅಂದ ಅಣ್ಣ.

"ನನ್ನ ಪಾಲಿನ ಕಡ್ಲೆ ಎಲ್ಲ ತಿಂದೇ ಹಲ್ಲು ಕಳ್ಕೊಂಡಿದ್ದು. ನೀನು ಪೂರ್ತಿ ಊಟ ಮಾಡು ಮೊದ್ಲು."

ಅಪ್ಪನಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಉಂಗುರದ ಬೆರಳು ಬೆಳಿಗ್ಗೆ ಮಡಚಿದರೆ ಬಿಚ್ಚಲು ಹತ್ತು ನಿಮಿಷ ಬೇಕಿತ್ತು. ಅದು ಎಲ್ಲರಿಗೂ ಗೊತ್ತು. ಹತ್ತಿಗೆ ಮಾತ್ರ ಗೊತ್ತಿದ್ದದ್ದು ಬೇರೆ. ಒಂದು ದಿನ ತಾಮ್ರದ ತಂತಿ ಕೊರೆದು ಅಪ್ಪನ ಬೆರಳ ತುದಿ ಸೀಳಿತ್ತು. ಚಹಾ ಲೋಟದ ಮೇಲೆ ರಕ್ತ ಮೆತ್ತಿದ್ದನ್ನು ಹತ್ತಿ ನೋಡಿದಳು. ಅಪ್ಪ ಚಹಾ ಮುಗಿಸಿ, ಲೋಟ ಇಟ್ಟು, ಆಮೇಲೆ ತನ್ನ ಬೆರಳು ನೋಡಿಕೊಂಡ. ಅಲ್ಲಿಯವರೆಗೆ ಅವನಿಗೆ ಗೊತ್ತೇ ಇರಲಿಲ್ಲ. ಅವಳು ಏನೂ ಹೇಳದೆ ಬಟ್ಟೆ ತಂದು ಸುತ್ತಿದ್ದಳು. ಅವನೂ ಏನೂ ಹೇಳದೆ ಸುತ್ತಿಸಿಕೊಂಡಿದ್ದ.

ಮಾರನೇ ದಿನ ಅವಳು ಗುಂಡಿ ಹಚ್ಚಿದ ಅಂಗಿಗಳನ್ನು ಕೊಟ್ಟು ಬರುವಾಗ ಸಂಗೀತದ ಸಾಮಾನಿನ ಅಂಗಡಿಯ ಮುಂದೆ ನಿಂತಳು. ಎರಡು ಸಲ ದಾಟಿ ಹೋಗಿ, ಮೂರನೇ ಸಲ ಒಳಗೆ ಹೋದಳು. ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡು ಬಂದಿದ್ದ ಮಾತು ಅಂಗಡಿಯವನ ಮುಂದೆ ಅರ್ಧ ಮಾತ್ರ ಹೊರಬಂತು.

"ಹತ್ತು... ಒಂದು ಸೆಟ್ಟು."

"ನಿಮ್ಮಪ್ಪ ಹನ್ನೊಂದು ತಾನೇ ಹಾಕೋದು?"

"ಅಣ್ಣನಿಗೆ" ಅಂದಳು. ಕಿವಿ ಬಿಸಿಯಾಯಿತು.

ಆರು ತಂತಿಗಳ ಸೆಟ್ಟಿಗೆ ಅದರ ಅತಿ ಸಣ್ಣ ತಂತಿಯ ದಪ್ಪವೇ, ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ, ಹೆಸರು. ಒಂಬತ್ತು ಅಂದರೆ ತೆಳು, ಎಳೆ ಬೆರಳಿಗೂ ಬಾಗುತ್ತದೆ. ಹನ್ನೊಂದು ಅಂದರೆ ದಪ್ಪ. ಅಪ್ಪ ಪ್ರಾಯದಿಂದಲೂ ಹನ್ನೊಂದರವನು. "ತೆಳು ತಂತಿ ನುಡಿಸೋದು ಬಾಡಿಗೆ ಸೈಕಲ್ ಹೊಡೆದ ಹಾಗೆ" ಅನ್ನುತ್ತಿದ್ದ. ಬೆವರಿಗೆ ತಂತಿ ಬೇಗ ತುಕ್ಕು ಹಿಡಿಯುತ್ತಿದ್ದರಿಂದ ಹದಿನೈದು ದಿನಕ್ಕೊಮ್ಮೆ ಬದಲಿಸುವುದು ಹತ್ತಿಯ ಪಾಲಿನ ಕೆಲಸ. ಅವಳು ಹತ್ತರ ಸೆಟ್ಟನ್ನು ಹಾಕಿ, ಹನ್ನೊಂದು ಅಂತ ಬರೆದಿದ್ದ ಹಳೆಯ ಪೊಟ್ಟಣವನ್ನು ಮೇಜಿನ ಮೇಲೆ ಕಾಣುವ ಹಾಗೆ ಬಿಟ್ಟಳು. ಅಪ್ಪ ನುಡಿಸಿ ನೋಡಿದ. ಏನೂ ಅನ್ನಲಿಲ್ಲ. ಮರುದಿನ ಇನ್ನರ್ಧ ಗಂಟೆ ಹೆಚ್ಚಿಗೆ ನುಡಿಸಿದ. ಹತ್ತು ದಿನ ಬಿಟ್ಟು, ಒಂಬತ್ತರ ಸೆಟ್ಟು ಹಾಕಿದಳು.

ಆ ವಾರ ಮನೆಯ ಗಾಳಿಯೇ ಬೇರೆಯಾಯಿತು. ಒಂದು ಸಂಜೆ ಅಮ್ಮ ಕಾಲು ಚಾಚಿ ಕೂತು ಈರುಳ್ಳಿ ಹೆಚ್ಚುತ್ತಿದ್ದಾಗ ಒಳಕೋಣೆಯಿಂದ ಆ ಸ್ವರ ಎದ್ದಿತು. ಏರಿತು. ಏರಿ ನಿಂತಿತು. ಅಮ್ಮನ ಚಾಕು ಹಲಗೆಯ ಮೇಲೆ ನಿಂತಿತು. ಫೋನು ನೋಡುತ್ತಿದ್ದ ಅಣ್ಣ ಕತ್ತು ಎತ್ತಿದ.

ಅಪ್ಪ ಬಾಗಿಲಿಗೆ ಬಂದು ನಿಂತ. "ಏನಯ್ಯಾ, ಫೋಟೋ ಆಲ್ಬಮ್ಮು ಹೇಗಿದೆ?"

"ಪರವಾಗಿಲ್ಲ" ಅಂದ ಅಣ್ಣ. ಆಮೇಲೆ, "ಚೆನ್ನಾಗಿದೆ ಅಪ್ಪಾ. ನಿಜವಾಗ್ಲೂ."

"ಬಿಸಿನೀರು ಕೆಲಸ ಮಾಡ್ತು" ಅಂದಳು ಅಮ್ಮ. ಕಣ್ಣಲ್ಲಿ ನೀರಿತ್ತು; ತಪ್ಪನ್ನು ಈರುಳ್ಳಿಯ ಮೇಲೆ ಹಾಕಿ ಒರೆಸಿಕೊಂಡಳು.

ಹಾಡೋ ಮಾಮ ಬಂದು ಕೇಳಿದ, ಅಪ್ಪನ ಬೆನ್ನಿಗೆ ಒಂದು ಗುದ್ದಿದ, ಸೋಲೋ ಅಪ್ಪನದೇ ಅಂತ ಹೇಳಿ ಎರಡು ಲೋಟ ಚಹಾ ಕುಡಿದು ಹೋದ. ಅಪ್ಪ ಊಟಕ್ಕೆ ಕೂತರೆ ಎರಡನೇ ಸಲ ಬಡಿಸಿಕೊಳ್ಳತೊಡಗಿದ. ಅಮ್ಮ ಹೇಳುವ ಮೊದಲೇ ಮಾತ್ರೆ ನುಂಗತೊಡಗಿದ. ಅಂಗಡಿಯಲ್ಲಿ ಯಜಮಾನ ಅಳೆದೇ ಸುತ್ತು ಅಂತ ಸ್ಕ್ರೂ ಗೇಜು ಕೊಡಲು ಬಂದರೆ, "ಇಟ್ಕೊಳ್ಳಿ ಸ್ವಾಮಿ, ನನ್ನ ಕೈ ವಾಪಸ್ಸು ಬಂದಿದೆ" ಅಂದನಂತೆ. ಅದನ್ನು ಊಟದ ಹೊತ್ತಿಗೆ ಹೇಳಿಕೊಂಡು ನಕ್ಕ. ಹತ್ತಿ ನೀರು ತರುವ ನೆಪದಲ್ಲಿ ಎದ್ದು ಹೋದಳು.

ಎರಡು ದಿನ ಬಿಟ್ಟು ಅಣ್ಣ ಅಪ್ಪನ ಗಿಟಾರನ್ನು ಸುಮ್ಮನೆ ಎತ್ತಿಕೊಂಡ. ಬೆರಳಿಟ್ಟವನೇ ಹತ್ತಿಯ ಕಡೆ ತಿರುಗಿದ.

"ಏನೇ ಇದು?"

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಒಂಬತ್ತು ಇದು. ಹೌದಾ ಅಲ್ವಾ?"

ಹೌದು ಅಂತ ತಲೆಯಾಡಿಸಿದಳು.

"ಅಪ್ಪನಿಗೆ ಗೊತ್ತಾಗ್ಲಿಲ್ವಾ?" ಅಂದವನು ತಾನೇ ಮಾತು ನಿಲ್ಲಿಸಿದ. ಮುಟ್ಟಿದರೆ ಗೊತ್ತಾಗದೆ ಇರುವ ತಂತಿಯೇ ಅಲ್ಲ ಅದು. ಗಿಟಾರನ್ನು ಗೋಡೆಗೆ ಒರಗಿಸಿ, "ಹೇಳ್ಬಿಡು ಕಣೇ" ಅಂದ.

"ನೀನೇ ಹೇಳು."

"ನಾನು ಹೇಳಿದ್ರೆ? ಸೋಲೋ ಕೈ ತಪ್ತು ಅಂತ ಹೊಟ್ಟೆಕಿಚ್ಚಿಗೆ ಹೇಳ್ದ ಅಂತಾನೆ. ನೀನೇ ಹೇಳು. ಪ್ರೋಗ್ರಾಮ್ ಆದ್ಮೇಲಾದ್ರೂ ಹೇಳು."

ಆದಮೇಲೆ ಹೇಳೋಣ ಅಂತಲೇ ಅವಳೂ ಅಂದುಕೊಂಡಳು. ಆ ಶುಕ್ರವಾರ ಅಪ್ಪ ಗೇಜು ಹಾಕದೆ ಸುತ್ತಿಕೊಟ್ಟ ಪಂಪೊಂದು ಮೂರೇ ದಿನಕ್ಕೆ ಸುಟ್ಟು ಅಂಗಡಿಗೆ ವಾಪಸ್ಸು ಬಂತು. "ತಂತಿಯೇ ಕಳಪೆ ಮಾಲು" ಅಂದ ಅಪ್ಪ. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಅಂದಳು ಅಜ್ಜಿ. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಇಬ್ಬರು ನಗಲಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ಮೂರಕ್ಕೆ ಹತ್ತಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಮೈದಾನಕ್ಕೆ ಹೋದಳು. ವೇದಿಕೆಯ ಹಿಂದೆ, ತಗಡಿನ ಪೆಟ್ಟಿಗೆಯ ಮೇಲೆ ಅಪ್ಪ ಇಸ್ತ್ರಿ ಮಾಡಿದ ಕಪ್ಪು ಅಂಗಿ ತೊಟ್ಟು ಕೂತಿದ್ದ. ತೊಡೆಯ ಮೇಲೆ ಗಿಟಾರು. ಬಿಚ್ಚಿದ ತಂತಿಗಳನ್ನು ಸುರುಳಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ತಂತಿಯ ತುಂಡು ಬಿಸಾಡದಿರುವುದು ಕಸುಬಿನವರ ಅಭ್ಯಾಸ.

"ಬಾರಮ್ಮಾ. ಇವತ್ತು ನಿನಗೆ ರಜೆ. ಮೂವತ್ತು ವರ್ಷದ ಪ್ರೋಗ್ರಾಮ್, ಹೊಸ ಹನ್ನೊಂದರ ಸೆಟ್ಟು, ನಾನೇ ತಂದು ನನ್ನ ಕೈಯಾರೆ ಹಾಕ್ತಿದ್ದೀನಿ. ಒಂದೇ ಒಂದು ಉಳಿದಿದೆ."

ಹತ್ತಿಗೆ ಕೈಯಲ್ಲಿದ್ದ ಡಬ್ಬಿ ಭಾರವಾಯಿತು. "ಅಪ್ಪಾ..."

"ಏನಮ್ಮಾ?"

ಡ್ರಮ್ ಹೊಡೆಯುವ ಮಾಮ ಬ್ರೆಡ್ಡಿಗೆ ಕೈ ಚಾಚಿದ. ಮೈಕಿನಲ್ಲಿ ಯಾರೋ ಒಂದು, ಎರಡು ಎಣಿಸುತ್ತಿದ್ದರು. ಅಪ್ಪ ಅವಳನ್ನೇ ನೋಡುತ್ತಿದ್ದ, ಮುಖದ ತುಂಬ ಬೆಳಕು.

"ನೀರು ಕುಡಿ" ಅಂದಳು.

ಮೊದಲ ನಾಲ್ಕು ಹಾಡು ಹೇಗೋ ಸಾಗಿದವು. ಜನ ಕುರ್ಚಿಯಲ್ಲೇ ಕೂತು ತಲೆದೂಗಿದರು. ಬಿಸಿಲು ಇಳಿಯುತ್ತಿತ್ತು. ಅಪ್ಪ ನಡುನಡುವೆ ಎಡಗೈ ಕೊಡವಿಕೊಳ್ಳುವುದನ್ನು ಹತ್ತಿ ವೇದಿಕೆಯ ಮೆಟ್ಟಿಲ ಬಳಿ ನಿಂತು ನೋಡಿದಳು. ಕೊನೆಯ ಹಾಡು ಬಂತು. ಎಲ್ಲ ವಾದ್ಯಗಳೂ ನಿಂತವು. ಅಪ್ಪ ಸ್ವರ ಹಿಡಿದು ತಂತಿ ತಳ್ಳಿದ.

ಅರ್ಧ ಏರಿತು. ಅಲ್ಲೇ ನಿಂತುಬಿಟ್ಟಿತು, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ. ಅಪ್ಪ ಬೆರಳು ಎತ್ತಿ ಮತ್ತೆ ಇಟ್ಟ. ಮೂರು ಬೆರಳು ಸೇರಿಸಿ ತಳ್ಳಿದ. ಬೆರಳು ಜಾರಿತು. ತಂತಿ ಬಡಿದುಕೊಂಡ ಸದ್ದು ದೊಡ್ಡ ಸ್ಪೀಕರಿನಲ್ಲಿ ಮೈದಾನಕ್ಕೆಲ್ಲ ಕೇಳಿಸಿತು. ಯಾರೋ ಶಿಳ್ಳೆ ಹಾಕಿದರು.

ಹಾಡೋ ಮಾಮ ಪಕ್ಕಕ್ಕೆ ತಿರುಗಿ ಕಣ್ಸನ್ನೆ ಮಾಡಿದ. ಮುಂದಿನ ಸರದಿಗೆಂದು ಗಿಟಾರು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಅಣ್ಣ ಮೊದಲು ಕೆಳಗೆ ನಿಂತಿದ್ದ ತಂಗಿಯ ಮುಖ ನೋಡಿದ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ಅದೇ ಸ್ವರ ಹಿಡಿದ. ಏರಿಸಿದ. ನಿಲ್ಲಿಸಿದ. ಸೆಕೆಂಡಿಗೆ ಇಷ್ಟು ಸ್ವರ ಅಂತ ಲೆಕ್ಕ ಹೇಳುತ್ತಿದ್ದವನು ಒಂದೇ ಒಂದು ಸ್ವರವನ್ನೂ ಹೆಚ್ಚಿಗೆ ಹಾಕದೆ, ಅಪ್ಪ ಮೂವತ್ತು ವರ್ಷ ನುಡಿಸಿದ್ದನ್ನು ಇದ್ದ ಹಾಗೇ ನುಡಿಸಿ ಮುಗಿಸಿದ. ಜನ ಎದ್ದು ನಿಂತರು.

"ಅಪ್ಪ ಮಗ ಚೆನ್ನಾಗಿ ಪ್ಲ್ಯಾನ್ ಮಾಡಿದ್ದಾರೆ ಕಣ್ರೀ" ಅಂದಳು ಹತ್ತಿಯ ಹಿಂದಿದ್ದ ಹೆಂಗಸು. "ನೋಡಿ, ಕಣ್ಣಲ್ಲಿ ನೀರು ಬಂತು."

ಅಪ್ಪ ಕೈ ಕೆಳಗೆ ಬಿಟ್ಟು ನಿಂತಿದ್ದ. ಚಪ್ಪಾಳೆ ನಿಲ್ಲುವವರೆಗೂ ಜನರ ಕಡೆ ನೋಡಿ ನಗುತ್ತಿದ್ದ.

ಸೋಮವಾರ ಸಂಜೆ ಅವನು ಅಂಗಡಿಯಿಂದ ಸ್ಕ್ರೂ ಗೇಜು ತಂದ. ಕೈಕಾಲು ತೊಳೆಯದೆ ಮೇಜಿಗೆ ಕೂತ. ಜೇಬಿನಿಂದ ತಂತಿಯ ಸುರುಳಿ ತೆಗೆದು, ಅತಿ ಸಣ್ಣದನ್ನು ಗೇಜಿನ ಬಾಯಿಗೆ ಕೊಟ್ಟು ತಿರುಪಿದ. ಕನ್ನಡಕ ಹಾಕಿಕೊಂಡು ಓದಿದ. ಮತ್ತೊಮ್ಮೆ ತಿರುಪಿ ಓದಿದ.

"ಒಂಬತ್ತು" ಅಂದ.

ಅಮ್ಮ ಒಲೆಯ ಬಳಿಯಿಂದ ತಿರುಗಿದಳು. "ಏನು ಒಂಬತ್ತು?"

"ಯಾವಾಗಿಂದ?" ಅಪ್ಪ ಯಾರ ಕಡೆಯೂ ನೋಡಲಿಲ್ಲ.

"ಐದು ವಾರ" ಅಂದಳು ಹತ್ತಿ. "ಮೊದ್ಲು ಹತ್ತು. ಆಮೇಲೆ ಒಂಬತ್ತು."

"ನಂಗೂ ಗೊತ್ತಿತ್ತು ಅಪ್ಪಾ" ಅಂದ ಅಣ್ಣ.

ಅಮ್ಮನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮಗಳ ಪರ ನಿಂತಳು. "ನಿಮ್ಮ ಸಂತೋಷಕ್ಕೆ ಮಾಡಿದ್ಲು. ಅದಕ್ಕೆ ಅವಳ ಮೇಲೆ ಸಿಟ್ಟಾಗ್ಬೇಡಿ."

"ಸಿಟ್ಟೆಲ್ಲಿದೆ? ತಂತಿ ಬದಲಾಯಿಸಿದ್ಲು, ಸರಿ." ಅಪ್ಪ ತೆಳು ತಂತಿಯನ್ನು ಎರಡು ಬೆರಳ ನಡುವೆ ಉರುಳಿಸಿದ. "ನಂಗೆ ಗೊತ್ತಾಗ್ಲಿಲ್ಲವಲ್ಲ. ಇವಾಗಲೂ ಗೊತ್ತಾಗ್ತಿಲ್ಲ. ಕೈಯಲ್ಲಿ ಏನೋ ಇದೆ ಅಷ್ಟೆ." ತಂತಿಯನ್ನು ಗೇಜಿನ ಪಕ್ಕ ಇಟ್ಟ. "ಇವತ್ತು ಇನ್ನೂ ಎರಡು ಪಂಪು ವಾಪಸ್ ಬಂತು. ಮಾಲು ಕಳಪೆ ಅಲ್ಲ."

ಆ ವಾರವೇ ಯಜಮಾನ ಅವನನ್ನು ಸುತ್ತುವ ಕೆಲಸದಿಂದ ತೆಗೆದು ಗಿರಾಕಿಗಳ ಚೀಟಿ ಬರೆಯಲು ಕೂರಿಸಿದ. ಹಾಡೋ ಮಾಮ ಎರಡು ಸಲ ಫೋನು ಮಾಡಿದ. ಅಪ್ಪ ಅಣ್ಣನ ಕೈಗೆ ಕೊಟ್ಟ. ಅಣ್ಣ "ಆಮೇಲೆ ಹೇಳ್ತೀನಿ ಮಾಮ" ಅಂದು ಇಟ್ಟ. ಗಿಟಾರು ಮೂಲೆಯಲ್ಲಿ ನಿಂತಿತ್ತು. ತಂತಿಗೆ ತುಕ್ಕಿನ ಚುಕ್ಕೆ ಬಂತು.

ಮೂರನೇ ಭಾನುವಾರ ಊಟಕ್ಕೆ ಕೂತಾಗ ಅಣ್ಣ ಬೇಕೆಂದೇ ಕೆದಕಿದ.

"ಅಪ್ಪಾ, ಯಾರೋ ಬರೆದಿದ್ದಾನೆ ನೋಡು. ಅರವತ್ತು ದಾಟಿದೋರ ಬ್ಯಾಂಡುಗಳೆಲ್ಲ ಮನೆಗೆ ಹೋಗ್ಬೇಕಂತೆ. ಅವರದ್ದು ಈಗ ಸಂಗೀತವೇ ಅಲ್ವಂತೆ."

"ಇರಬಹುದು" ಅಂದ ಅಪ್ಪ.

"ಇರಬಹುದಾ? ಪಟ್ಟಿಯಿಂದ ನಿನ್ನ ಮುದುಕರಲ್ಲಿ ನಾಲ್ಕು ಜನಾನ ಕಿತ್ತು ಹಾಕಿದ್ದಾರೆ!"

"ಸರಿಯಾಗೇ ಮಾಡಿರ್ತಾರೆ ಬಿಡು."

"ಬೈಯಪ್ಪಾ ಒಂದ್ಸಲ" ಅಂದ ಅಣ್ಣ. ಅಪ್ಪ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ. ಹಬೆ ಏಳುವಷ್ಟು ಬಿಸಿಯಿತ್ತು. "ರೀ, ಸುಡತ್ತೆ, ಆರ್ಲಿ" ಅನ್ನುತ್ತಾ ಅಮ್ಮ ಅವನ ಕೈಯಿಂದ ಅದನ್ನು ತೆಗೆದುಕೊಂಡು ತಾನೇ ಸುಲಿದಳು.

ಊಟ ಮುಗಿಯಿತು. ಹತ್ತಿ ತಟ್ಟೆಗಳನ್ನು ಎತ್ತಿ, ಮೇಜು ಒರೆಸಿ, ಹಳೆಯ ಟವೆಲ್ಲು ಹಾಸಿದಳು. ಮೂಲೆಯಿಂದ ಗಿಟಾರು ತಂದು ಅಂಗಾತ ಮಲಗಿಸಿದಳು. ತುಕ್ಕು ಹಿಡಿದ ಆರೂ ತಂತಿಗಳನ್ನು ಬಿಚ್ಚಿ ಸುರುಳಿ ಸುತ್ತಿದಳು. ಮರ ಒರೆಸಿದಳು. ಆಮೇಲೆ ಎರಡು ಹೊಸ ಪೊಟ್ಟಣಗಳನ್ನು ತಂದು, ಬರೆದದ್ದು ಕಾಣುವ ಹಾಗೆ, ಅಪ್ಪನ ಮುಂದೆ ಪಕ್ಕಪಕ್ಕದಲ್ಲಿ ಇಟ್ಟಳು. ಒಂದು ಒಂಬತ್ತು, ಒಂದು ಹನ್ನೊಂದು.

ಅಪ್ಪ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದ. ಅಣ್ಣ ಫೋನು ಕೆಳಗಿಟ್ಟಿದ್ದ. ಅಮ್ಮ ನಲ್ಲಿ ನಿಲ್ಲಿಸಿದಳು. ಮಂಚದ ಮೇಲೆ ಬಟಾಣಿ ಬಿಡಿಸುತ್ತಿದ್ದ ಅಜ್ಜಿಯ ಕೈ ಸುಮ್ಮನಾಯಿತು.

"ಅಪ್ಪಾ," ಅಂದಳು ಹತ್ತಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಯಾವುದು ಹಾಕ್ಲಿ, ನೀನೇ ಹೇಳು."